ರಾತ್ರಿ ತಾನಾಗಿಯೇ ತುಂಬುತ್ತಿದ್ದ ಟ್ಯಾಂಕ್

ಮಧ್ಯರಾತ್ರಿ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮಿನಿಂದ ಸುಯ್ ಅಂತ ಒಂದು ಸದ್ದು. ಹತ್ತು ಹದಿನೈದು ಸೆಕೆಂಡು ಬಂದು ನಿಲ್ಲುತ್ತಿತ್ತು. ಯಾರೂ ಎದ್ದಿರಲಿಲ್ಲ, ಯಾರೂ ಫ್ಲಶ್ ಒತ್ತಿರಲಿಲ್ಲ. ಮೊದಲೆರಡು ದಿನ ಮಗ್ಗುಲು ಬದಲಿಸಿ ಮಲಗಿಬಿಟ್ಟೆ. ಮೂರನೇ ರಾತ್ರಿ ಗಡಿಯಾರ ನೋಡಿಕೊಂಡು ಎದ್ದು ಕೂತೆ. ಸುಮಾರು ನಲವತ್ತು ನಿಮಿಷಕ್ಕೊಮ್ಮೆ ಅದೇ ಸದ್ದು.

ಬೆಳಿಗ್ಗೆ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು, ಅಡುಗೆಗೆ ಹಾಕುವ ಕೆಂಪು ಬಣ್ಣ ನಾಲ್ಕೈದು ಹನಿ ಬಿಟ್ಟೆ. ಅರ್ಧ ಗಂಟೆ ಯಾರೂ ಒಳಗೆ ಹೋಗಬೇಡಿ ಅಂತ ಮನೆಯವರಿಗೆಲ್ಲ ಹೇಳಿದೆ. ಕಾಲು ಗಂಟೆ ಕಳೆದು ಟಾರ್ಚ್ ಹಿಡಿದು ನೋಡಿದರೆ, ಕಮೋಡಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗುಲಾಬಿ ಗೆರೆಯೊಂದು ಇಳಿಯುತ್ತಿತ್ತು. ಕೆಳಗೆ ನಿಂತ ನೀರಿಗೂ ಆಗಲೇ ಬಣ್ಣ ಹತ್ತಿತ್ತು. ಟ್ಯಾಂಕಿನ ನೀರು ಸದ್ದಿಲ್ಲದೆ ಸೋರುತ್ತಿತ್ತು. ಮಟ್ಟ ಸ್ವಲ್ಪ ಇಳಿದ ಕೂಡಲೇ ವಾಲ್ವ್ ತೆರೆದುಕೊಂಡು ಮತ್ತೆ ತುಂಬಿಸುತ್ತಿತ್ತು. ನನ್ನ ಕಿವಿಗೆ ಬೀಳುತ್ತಿದ್ದದ್ದು ಸೋರುವ ಸದ್ದಲ್ಲ, ತುಂಬುವ ಸದ್ದು.

ಒಂದು ಸಲಕ್ಕೆ ಒಂದೂವರೆ ಲೀಟರ್ ಅಂತ ಹಿಡಿದರೂ, ನಲವತ್ತು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 36 ಸಲ. 54 ಲೀಟರ್ ನೀರು ಯಾರ ಉಪಯೋಗಕ್ಕೂ ಬಾರದೆ ಹೋಗುತ್ತಿತ್ತು. ನಮ್ಮದು ಸಣ್ಣ ಸೋರಿಕೆ. ಟ್ಯಾಂಕಿನ ತಳದಲ್ಲಿ ನೀರು ತಡೆಯುವ ರಬ್ಬರ್ ವಾಷರ್ ಪೂರ್ತಿ ಕೆಟ್ಟು ನೀರು ನಿಲ್ಲದೆ ಹರಿಯುತ್ತಿದ್ದರೆ ಒಂದೇ ಟ್ಯಾಂಕ್ ದಿನಕ್ಕೆ 700 ಲೀಟರಿಗಿಂತ ಜಾಸ್ತಿ ಕಳೆಯಬಲ್ಲದು. ಆ ಲೆಕ್ಕ ಹಾಕಿದ ಮೇಲೆ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ.

ಪ್ಲಂಬರ್ ಬಂದರು. ಟ್ಯಾಂಕ್ ಖಾಲಿ ಮಾಡಿ, ತಳದ ವಾಲ್ವನ್ನು ತಿರುಗಿಸಿ ತೆಗೆದು, ಅದರ ರಬ್ಬರ್ ವಾಷರನ್ನು ನನ್ನ ಅಂಗೈ ಮೇಲೆ ಇಟ್ಟರು. ಬಳೆಯಷ್ಟು ದೊಡ್ಡದು. ಮುಟ್ಟಿದರೆ ಅಂಟು ಅಂಟು. ಬೆರಳಿಗೆ ಕಾಡಿಗೆ ಹಾಗೆ ಕಪ್ಪು ಮೆತ್ತಿಕೊಂಡಿತು. ಒಂದು ಕಡೆ ಅಂಚು ಅಲೆ ಅಲೆಯಾಗಿ ಎದ್ದಿತ್ತು. ಇಷ್ಟು ದಿನ ನೀರು ನುಸುಳುತ್ತಿದ್ದದ್ದು ಆ ಅಲೆಯ ಕೆಳಗಿಂದ.

"ಅಕ್ಕಾ, ಪಿಂಗಾಣಿಗೆ ಏನೂ ಆಗಿಲ್ಲ. ಆದರೆ ಈ ಅಳತೆಯ ವಾಷರ್ ಈಗ ಬರ್ತಾ ಇಲ್ಲ. ಹತ್ತಿರದ ಅಳತೆಯದು ಹಾಕಿ ಕೊಡ್ತೀನಿ. ಎಷ್ಟು ದಿನ ಬರುತ್ತೋ ಹೇಳೋಕಾಗಲ್ಲ" ಅಂದರು.

ಅದು ನಾಲ್ಕು ತಿಂಗಳು ಬಂತು. ಆಮೇಲೆ ಹಾಕಿದ್ದು ಎರಡೇ ತಿಂಗಳು. ಅಷ್ಟರಲ್ಲಿ ಕಮೋಡಿನ ಬುಡದಲ್ಲಿ ನೆಲ ಸದಾ ಒದ್ದೆ ಇರತೊಡಗಿತು. ಬಗ್ಗಿ ನೋಡಿದರೆ ಬೋಲ್ಟಿನ ತೂತಿನಿಂದ ಹೊರಟ ಒಂದು ಸಣ್ಣ ಬಿರುಕು ಗೆಣ್ಣುದ್ದ ಹೋಗಿತ್ತು. ಪಿಂಗಾಣಿ ಒಮ್ಮೆ ಸೀಳಿದರೆ ಕತೆ ಮುಗಿಯಿತು. ಅದರ ಮೇಲೆ ಏನು ಅಂಟಿಸಿದರೂ ಮನುಷ್ಯರ ಭಾರ ಹೊರುವ ಜಾಗದಲ್ಲಿ ನಂಬುವಂತಿಲ್ಲ. ಬದಲಾಯಿಸಲೇಬೇಕು ಅಂತ ಅಂದೇ ತೀರ್ಮಾನವಾಯಿತು.

ಅಂಗಡಿಯಲ್ಲಿ ಸಾಲಾಗಿ ಇಟ್ಟ ಕಮೋಡುಗಳನ್ನು ನೋಡುತ್ತಾ ನಿಂತಾಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲವೂ ಬೆಳ್ಳಗೆ, ಎಲ್ಲವೂ ಹೊಳೆಯುತ್ತವೆ. ಮಾರುವವರು ತೋರಿಸುವುದೂ ಆ ಹೊಳಪನ್ನೇ. ಆದರೆ ಕಮೋಡಿನಲ್ಲಿ ಬಹಳ ಕಾಲ ಬಾಳುವ ಭಾಗವೆಂದರೆ ಆ ಪಿಂಗಾಣಿಯೇ. ಜೇಡಿಯನ್ನು ಅಚ್ಚಿಗೆ ಹೊಯ್ದು, ಒಣಗಿಸಿ, ಗ್ಲೇಜ್ ಅನ್ನುವ ಗಾಜಿನಂಥ ಲೇಪ ಬಳಿದು, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಸುಡುತ್ತಾರೆ. ಹಾಗೆ ಸುಟ್ಟದ್ದು ಕಲ್ಲಿನಂತಾಗುತ್ತದೆ, ಹೆಚ್ಚುಕಮ್ಮಿ ನೀರನ್ನೇ ಹೀರುವುದಿಲ್ಲ. ಸರಿಯಾಗಿ ಕೂರಿಸಿದರೆ ಒಂದು ತಲೆಮಾರು ದಾಟಿಸುತ್ತದೆ. ಕೆಡುವುದು ಟ್ಯಾಂಕಿನೊಳಗಿನ ರಬ್ಬರ್, ಪ್ಲಾಸ್ಟಿಕ್ಕು, ಸೀಟ್ ಕವರಿನ ಹಿಂಜು, ನೆಲದ ಪೈಪಿಗೆ ಕಮೋಡ್ ಕೂಡುವ ಜಾಗದ ಸೀಲು. ಕಣ್ಣಿಗೆ ಕಾಣದ, ಯಾರೂ ತೋರಿಸದ ಭಾಗಗಳು.

ಹಾಗಾಗಿ ನಾನು ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆ. "ಇದರ ಒಳಗಿನ ಸಾಮಾನು ಕೆಟ್ಟರೆ, ಇನ್ನು ಹತ್ತು ವರ್ಷ ಆದ ಮೇಲೂ ಸಿಗುತ್ತಾ?"

ಎಷ್ಟೋ ಕಡೆ ಉತ್ತರ ಬರಲಿಲ್ಲ. ಬಾಳಿಕೆಯ ಗ್ಯಾರಂಟಿ ಬಗ್ಗೆ ಹೇಳುತ್ತಿದ್ದರು. ಗ್ಯಾರಂಟಿ ಕಾರ್ಡನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಪಿಂಗಾಣಿಗೆ ಕೊಡುವ ವರ್ಷಗಳು ಬೇರೆ, ಫಿಟ್ಟಿಂಗಿಗೆ ಕೊಡುವ ವರ್ಷಗಳು ಬೇರೆ. ದೊಡ್ಡ ಅಕ್ಷರದಲ್ಲಿ ಇರುವುದು ಮೊದಲನೆಯದು, ನಮಗೆ ಬೇಕಾಗುವುದು ಎರಡನೆಯದು.

ನನ್ನ ತಂಗಿಯ ಮನೆಯಲ್ಲಿ ಗೋಡೆಗೆ ತೂಗುಹಾಕುವ ಕಮೋಡ್ ಹಾಕಿಸಿದ್ದಾರೆ. ಟ್ಯಾಂಕ್ ಗೋಡೆಯ ಒಳಗೆ, ಹೊರಗೆ ಬರೀ ಎರಡು ಬಟನ್. ನೋಡೋಕೆ ತುಂಬಾ ಚೆಂದ, ಕೆಳಗೆ ನೆಲ ಒರೆಸುವುದು ಸಲೀಸು. ಕಬ್ಬಿಣದ ಚೌಕಟ್ಟು ಸರಿಯಾಗಿ ಕೂತಿದ್ದರೆ 400 ಕಿಲೋ ಭಾರ ತಡೆಯುವ ಹಾಗೆ ಪರೀಕ್ಷೆ ಮಾಡಿರುತ್ತಾರೆ, ಆ ಭಯ ಬೇಡ. ಆದರೆ ಅವಳ ಮನೆಯಲ್ಲಿ ಕೆಲಸ ಮಾಡಿದವರು ಬಟನ್ ಇರುವ ಕಿಂಡಿಯನ್ನು ಟೈಲ್ಸಿನಿಂದ ಅರ್ಧ ಮುಚ್ಚಿಬಿಟ್ಟಿದ್ದರು. ಒಳಗಿನ ವಾಲ್ವ್ ಕೆಟ್ಟಾಗ ಕೈ ಹಾಕಲು ಜಾಗವೇ ಇರಲಿಲ್ಲ. ಗೋಡೆ ಒಡೆಯಬೇಕಾಯಿತು. ಅಂಥ ಟ್ಯಾಂಕಿಗೆ ಇರುವ ಒಂದೇ ಬಾಗಿಲು ಆ ಬಟನ್ ಫಲಕದ ಹಿಂದಿನ ಕಿಂಡಿ. ಅದನ್ನು ತೆಗೆದು ಒಳಗಿನ ಎಲ್ಲ ಭಾಗವನ್ನೂ ಹೊರಕ್ಕೆ ತರಬಹುದಾ ಅಂತ ಟೈಲ್ಸ್ ಅಂಟಿಸುವ ಮೊದಲೇ ಮಾಡಿಸಿ ನೋಡಬೇಕು. ಅವಳ ಕಷ್ಟ ಕಣ್ಣಾರೆ ಕಂಡಿದ್ದರಿಂದ ನಮಗೆ ಟ್ಯಾಂಕ್ ಹೊರಗಿರುವುದೇ ಸಾಕು ಅಂದುಕೊಂಡೆ.

ಆದರೆ ಇದೆಲ್ಲಕ್ಕೂ ಮೊದಲು ಅಳತೆ. ಇದನ್ನು ಮನೆಯಲ್ಲೇ ಟೇಪ್ ಹಿಡಿದು ಮಾಡಿಕೊಂಡು ಹೋಗಬೇಕು. ಅಂಗಡಿಗೆ ಹೋದ ಮೇಲೆ ನೆನಪಿನಿಂದ ಹೇಳುವುದಲ್ಲ.

ಕಮೋಡಿನ ಕೊಳಕು ನೀರು ನೆಲಕ್ಕೆ ಇಳಿಯುತ್ತದೋ, ಹಿಂದಿನ ಗೋಡೆಗೆ ಹೋಗುತ್ತದೋ ಮೊದಲು ನೋಡಿ. ನೆಲಕ್ಕಾದರೆ ಎಸ್ ಟ್ರ್ಯಾಪ್, ಗೋಡೆಗಾದರೆ ಪಿ ಟ್ರ್ಯಾಪ್. ನೆಲಕ್ಕೆ ಇಳಿಯುವಂಥದ್ದಾದರೆ ಹಿಂದಿನ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಅನ್ನುವುದು ಮುಖ್ಯ. ಟೈಲ್ಸ್ ಇದ್ದರೆ ಟೈಲ್ಸಿನ ಮೇಲ್ಮೈಯಿಂದಲೇ ಅಳೆಯಬೇಕು. ಹಳೆಯ ಕಮೋಡ್ ಇನ್ನೂ ಅಲ್ಲೇ ಕೂತಿದ್ದರೆ ಪೈಪ್ ಕಾಣುವುದಿಲ್ಲ, ಆಗ ಬುಡವನ್ನು ನೆಲಕ್ಕೆ ಹಿಡಿದ ಎರಡು ಬೋಲ್ಟುಗಳನ್ನು ನೋಡಿ. ನೆಲದ ಪೈಪಿನ ಬಾಯಿಗೆ ಹಾಕುವ ಬಳೆಗೆ, ಅಂದರೆ ಫ್ಲಾಂಜಿಗೆ, ಕೂರಿಸಿದ ಕಮೋಡಿನಲ್ಲಿ ಆ ಬೋಲ್ಟುಗಳ ಸಾಲಿನಲ್ಲೇ ಪೈಪಿನ ಮಧ್ಯ ಇರುತ್ತದೆ. ಬೇರೆ ರೀತಿ ಕೂರಿಸಿದ್ದರೆ ಈ ಗುರುತು ನಂಬುವ ಹಾಗಿಲ್ಲ, ಪ್ಲಂಬರ್ ಹತ್ತಿರವೇ ಅಳೆಸುವುದು ಒಳ್ಳೆಯದು. ಅಮೆರಿಕದ ಮನೆಗಳಲ್ಲಿ ಈ ದೂರ ಸಾಮಾನ್ಯವಾಗಿ 12 ಇಂಚು, ಕೆಲವು ಹಳೆಯ ಮನೆಗಳಲ್ಲಿ 10 ಅಥವಾ 14. ಬೇರೆ ಕಡೆ 4 ಇಂಚಿನದೂ 9 ಇಂಚಿನದೂ ಸಿಗುತ್ತವೆ. ನಮ್ಮದು 9 ಇಂಚು ಬಂತು. 12 ಇಂಚಿನದು ತಂದಿದ್ದರೆ ಟ್ಯಾಂಕ್ ಗೋಡೆಯೊಳಗೆ ಹೋಗಬೇಕಿತ್ತು. 4 ಇಂಚಿನದು ತಂದಿದ್ದರೆ ಹಿಂದೆ ಐದು ಇಂಚು ಸಂದು ಉಳಿದು ಕಸ ತುಂಬುತ್ತಿತ್ತು.

ಇಲ್ಲಿ ಇನ್ನೊಂದು ಮಾತು. ಜೇಡಿ ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಹತ್ತರಷ್ಟಾದರೂ ಕುಗ್ಗುತ್ತದೆ. ಹಾಗಾಗಿ ಒಂದೇ ಅಚ್ಚಿನಿಂದ ಬಂದ ಎರಡು ಕಮೋಡುಗಳಲ್ಲೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇರುವುದು ಸಹಜ. ಕಾಗದದ ಮೇಲಿನ ಅಳತೆಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಯೋಜನೆ ಹಾಕಬೇಡಿ. ಕೊಳ್ಳುವ ಮುಂಚೆ ಬುಡವನ್ನು ಸಮತಟ್ಟಾದ ನೆಲದ ಮೇಲೆ ಇಡಿಸಿ, ಎರಡು ಮೂಲೆ ಒತ್ತಿ ನೋಡಿ. ಅಲುಗಾಡಿದರೆ ಬೇರೆಯದು ಕೇಳಿ. ಮಡಕೆ ಬಡಿದು ನೋಡುವ ಹಾಗೆ ಗೆಣ್ಣಿನಿಂದ ಬಡಿದೂ ನೋಡಬಹುದು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಒಳಗೆಲ್ಲೋ ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತದೆ.

ಎಸ್ ಟ್ರ್ಯಾಪ್ ಅಂದೆನಲ್ಲ, ಅದರ ಹಿಂದೆ ನನಗೆ ಇಷ್ಟವಾದ ಒಂದು ಕತೆ ಇದೆ. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನುವ ಗಡಿಯಾರ ಮಾಡುವವರೊಬ್ಬರು ಫ್ಲಶ್ ಮಾಡುವ ಕಮೋಡಿಗೆ ಪೇಟೆಂಟ್ ಪಡೆದರು. ನೀರು ಬಿಟ್ಟು ತೊಳೆಯುವ ಇಂಥ ಕಮೋಡನ್ನು ಅದಕ್ಕೂ ಸುಮಾರು ಇನ್ನೂರು ವರ್ಷ ಮುಂಚೆ, 1596ರಲ್ಲೇ, ಜಾನ್ ಹ್ಯಾರಿಂಗ್ಟನ್ ಅನ್ನುವವರು ವಿವರಿಸಿ ಬರೆದಿದ್ದರು. ಆದರೆ ಚರಂಡಿಯ ನಾತ ಮನೆಯೊಳಗೆ ಬರದಂತೆ ತಡೆಯುವುದು ಹೇಗೆ? ಕಮಿಂಗ್ ಮಾಡಿದ್ದು ಇಷ್ಟೇ, ಪೈಪನ್ನು ಬಾಗಿಸಿದರು. ಬಾಗಿದ ಜಾಗದಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಂತಿರುತ್ತದೆ. ಅದೇ ಬಾಗಿಲು. ಚಲಿಸುವ ಭಾಗವೇ ಇಲ್ಲದ್ದರಿಂದ ಅದು ಕೆಡುವುದಿಲ್ಲ. 250 ವರ್ಷ ಆಯಿತು, ಇವತ್ತಿಗೂ ಪ್ರತಿ ಕಮೋಡಿನ ಹೊಟ್ಟೆಯಲ್ಲಿ ಆ ಬಾಗು ಇದೆ. ಗಟ್ಟಿತನ ಅಂದರೆ ನನಗೆ ನೆನಪಾಗುವುದು ಇದೇ.

ಫ್ಲಶ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಎರಡು ಜಾತಿ. ಒಂದರಲ್ಲಿ ನೀರು ಮೇಲಿಂದ ರಭಸವಾಗಿ ಬಿದ್ದು ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಇದಕ್ಕೆ ವಾಶ್‌ಡೌನ್ ಅನ್ನುತ್ತಾರೆ. ಹೋಗುವ ದಾರಿ ಅಗಲ, ಗಿಡ್ಡ. ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಆದರೆ ನೀರು ನಿಲ್ಲುವ ಜಾಗ ಸಣ್ಣದು, ಬದಿಗೆ ಕಲೆ ಹಿಡಿಯುವುದು ಜಾಸ್ತಿ, ಬ್ರಷ್ ಹಾಕುತ್ತಿರಬೇಕು. ಇನ್ನೊಂದು ಸೈಫಾನಿಕ್. ಅದರಲ್ಲಿ ದಾರಿ ಉದ್ದ, ಸೊಟ್ಟ. ನೀರು ಆ ದಾರಿಯನ್ನು ಪೂರ್ತಿ ತುಂಬಿದ ಕೂಡಲೇ ಒಳಗಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಕೊನೆಗೆ ಗೊಳಕ್ ಅಂತ ಒಂದು ಸದ್ದು ಬರುತ್ತದಲ್ಲ, ಅದು ಆ ಸೆಳೆತ ಕಡಿದಾಗ ಬರುವುದು. ನೀರಿನ ಹರವು ದೊಡ್ಡದು, ವಾಸನೆ ಕಮ್ಮಿ, ಬೌಲ್ ಸ್ವಚ್ಛವಾಗಿರುತ್ತದೆ. ಆದರೆ ದಾರಿ ಕಿರಿದಾದ್ದರಿಂದ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಹಳೆಯ ಪೈಪಿರುವ ಮನೆಗೆ, ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ಮನೆಗೆ ನಾನಾದರೆ ಮೊದಲನೆಯದನ್ನೇ ಹೇಳುತ್ತೇನೆ. ನಾವು ತಂದದ್ದೂ ಅದೇ.

ನೀರು ಕಮ್ಮಿ ಬಳಸುವ ಕಮೋಡ್ ಅಂದರೆ ಎರಡು ಸಲ ಫ್ಲಶ್ ಮಾಡಬೇಕು ಅನ್ನುವ ಮಾತನ್ನು ಬಹಳ ಜನ ಹೇಳಿದರು. ಆ ಮಾತಿಗೆ ಒಂದು ಕಾರಣ ಇದೆ. ಅಮೆರಿಕದಲ್ಲಿ 1992ರ ಕಾನೂನಿನಂತೆ 1994ರಿಂದ ಮನೆಗೆ ತಯಾರಿಸುವ ಹೊಸ ಕಮೋಡುಗಳು ಒಂದು ಫ್ಲಶ್‌ಗೆ ಸುಮಾರು 6 ಲೀಟರಿಗಿಂತ ಜಾಸ್ತಿ ಬಳಸುವಂತಿರಲಿಲ್ಲ. ಅದಕ್ಕೆ ಮುಂಚೆ 13 ಲೀಟರ್, ಇನ್ನೂ ಹಳೆಯವಾದರೆ ಅದಕ್ಕಿಂತ ಹೆಚ್ಚು ಸುರಿಯುತ್ತಿದ್ದವು. ತಯಾರಕರು ಆತುರದಲ್ಲಿ ಹಳೆಯ ಆಕಾರಕ್ಕೇ ಕಮ್ಮಿ ನೀರು ಬಿಟ್ಟರು. ಹೋಗಲಿಲ್ಲ. ಕೆಟ್ಟ ಹೆಸರು ಬಂತು, ಅದು ಇನ್ನೂ ಅಳಿಸಿಲ್ಲ. ಕಮೋಡ್ ನಿಜವಾಗಿ ಎಷ್ಟು ಸಾಗಿಸುತ್ತದೆ ಅಂತ ಅಳೆಯಲು 2003ರಲ್ಲಿ ಕೆನಡಾ ಮತ್ತು ಅಮೆರಿಕದಲ್ಲಿ ಮ್ಯಾಪ್ ಅನ್ನುವ ಪರೀಕ್ಷೆ ಶುರುವಾಯಿತು. ಸೋಯಾಬೀನ್ ರುಬ್ಬಿದ ಮುದ್ದೆಯನ್ನು ಉಂಡೆ ಕಟ್ಟಿ, ಕಾಗದದ ಜೊತೆ ಹಾಕಿ ಫ್ಲಶ್ ಮಾಡುತ್ತಾರೆ. ಹೋದರೆ ಇನ್ನಷ್ಟು ಸೇರಿಸುತ್ತಾರೆ. ಹೀಗೆ 1000 ಗ್ರಾಂವರೆಗೂ. ನೀರು ಉಳಿಸುವ ಸಾಮಾನಿಗೆ ಅಮೆರಿಕ ಸರ್ಕಾರ ಕೊಡುವ ವಾಟರ್‌ಸೆನ್ಸ್ ಗುರುತು ಬೇಕಾದರೆ 4.8 ಲೀಟರಿನೊಳಗೆ 350 ಗ್ರಾಂ ಸಾಗಿಸಲೇಬೇಕು. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾರೋ ಕೂತು ಸೋಯಾ ಉಂಡೆ ಕಟ್ಟಿ ನೂರಾರು ಕಮೋಡುಗಳನ್ನು ಪರೀಕ್ಷೆ ಮಾಡಿದ್ದರಿಂದಲೇ ಇವತ್ತಿನ ಒಳ್ಳೆಯ ಕಮೋಡ್ ಅರ್ಧಕ್ಕಿಂತ ಕಮ್ಮಿ ನೀರಿನಲ್ಲಿ ಹಳೆಯದಕ್ಕಿಂತ ಚೆನ್ನಾಗಿ ತೊಳೆಯುತ್ತದೆ. ನಿಮ್ಮ ಕಡೆ ಇಂಥ ಅಂಕಿ ಸಿಕ್ಕರೆ ಕೇಳಿ ನೋಡಿ. ಹೊಳಪಿಗಿಂತ ಅದನ್ನು ನಂಬಬಹುದು.

ಎರಡು ಬಟನ್ನಿನ ಟ್ಯಾಂಕ್ ಬಂದದ್ದು ಆಸ್ಟ್ರೇಲಿಯಾದಿಂದ, 1980ರಲ್ಲಿ. ಮೊದಲು ಬಂದಾಗ ಪೂರ್ತಿ ಫ್ಲಶ್‌ಗೆ 11 ಲೀಟರ್, ಅರ್ಧಕ್ಕೆ ಐದೂವರೆ. ಈಗ 6 ಮತ್ತು 3, ಇನ್ನೂ ಕಮ್ಮಿಯದೂ ಇವೆ. ದಿನದಲ್ಲಿ ನಾವು ಜಾಸ್ತಿ ಸಲ ಹೋಗುವುದು ಮೂತ್ರಕ್ಕೇ ಅಲ್ವಾ, ಹಾಗಾಗಿ ಉಳಿತಾಯ ನಿಜವಾದದ್ದೇ. ಆದರೆ ಎರಡು ಬಟನ್ ಅಂದರೆ ಒಳಗೆ ಸಾಮಾನೂ ಸ್ವಲ್ಪ ಜಾಸ್ತಿ. ಅದರ ವಾಷರ್ ಸುಲಭವಾಗಿ ಸಿಗುವಂಥದ್ದೇ ಅಂತ ಖಾತ್ರಿ ಮಾಡಿಕೊಂಡೇ ತೆಗೆದುಕೊಳ್ಳಬೇಕು. ನಾನು ಅಂಗಡಿಯಲ್ಲಿ ಟ್ಯಾಂಕಿನ ಮುಚ್ಚಳ ತೆಗೆಸಿದೆ. ಒಳಗಿನ ವಾಲ್ವನ್ನು ಕಾಲು ಸುತ್ತು ತಿರುಗಿಸಿದರೆ ಕೈಗೆ ಬಂತು, ಯಾವ ಸಲಕರಣೆಯೂ ಬೇಕಾಗಲಿಲ್ಲ. ಅದರ ಬುಡದ ವಾಷರನ್ನು ತೋರಿಸಿ "ಇದು ಇನ್ನೆರಡು ಈಗಲೇ ಕೊಡಿ" ಅಂದೆ. ಒಳಗಿನಿಂದ ತಂದು ಕೊಟ್ಟರು. ನಾನು ಆ ಕಮೋಡನ್ನು ಒಪ್ಪಿದ್ದು ಆ ಕ್ಷಣದಲ್ಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದ ಮಾತು. ಆದರೆ ನಮ್ಮ ಮನೆಯಲ್ಲಿ ಆ ಬಾತ್‌ರೂಮನ್ನು ಹೆಚ್ಚಾಗಿ ಬಳಸುವುದು ನನ್ನ ಅತ್ತೆ. ಅವರಿಗೆ ಎರಡೂ ಮಂಡಿ ನೋವು. ಹಳೆಯ ಕಮೋಡಿನ ಬಲಗಡೆ ಗೋಡೆಯ ಮೇಲೆ, ಸೊಂಟದ ಎತ್ತರದಲ್ಲಿ, ಒಂದು ಅಂಗೈಯ ಗುರುತಿತ್ತು. ಸುತ್ತಲಿನ ಬಣ್ಣಕ್ಕಿಂತ ಒಂದು ಛಾಯೆ ಕಪ್ಪು, ಮುಟ್ಟಿದರೆ ನುಣುಪು. ಪ್ರತಿ ಸಲ ಏಳುವಾಗ ಅಲ್ಲಿ ಕೈ ಊರಿ ಊರಿ ಆದದ್ದು. ವಾರವಾರ ಗೋಡೆ ಒರೆಸುತ್ತಿದ್ದ ನನಗೆ ಅದು ಬರೀ ಕೊಳೆಯಾಗಿ ಕಾಣುತ್ತಿತ್ತು. ಹೊಸದಕ್ಕೆ ಅಳತೆ ತೆಗೆದುಕೊಳ್ಳಲು ನೆಲಕ್ಕೆ ಕೂತಾಗ ಅದು ಏನು ಅಂತ ಗೊತ್ತಾಯಿತು. ಗೊತ್ತಾಗಲು ಇಷ್ಟು ವರ್ಷ ಬೇಕಾಯಿತಲ್ಲ ಅಂತ ಮನಸ್ಸಿಗೆ ಬಹಳ ಬೇಸರವಾಯಿತು.

ಸಾಮಾನ್ಯ ಕಮೋಡ್ ನೆಲದಿಂದ 38ರಿಂದ 40 ಸೆಂಟಿಮೀಟರ್ ಎತ್ತರ. ವಯಸ್ಸಾದವರಿಗೆ, ಮಂಡಿ ನೋವಿರುವವರಿಗೆ ಅಂತ 43ರಿಂದ 48 ಸೆಂಟಿಮೀಟರಿನವೂ ಬರುತ್ತವೆ. ಸೀಟ್ ಸೇರಿಸಿ ಹೇಳಿದ ಎತ್ತರವೋ ಸೀಟ್ ಬಿಟ್ಟೋ ಅಂತ ಕೇಳಿಕೊಳ್ಳಿ, ಅದರಲ್ಲೇ ಎರಡು ಮೂರು ಸೆಂಟಿಮೀಟರ್ ಬದಲಾಗುತ್ತದೆ. ಎತ್ತರ ಇದ್ದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಕೂತಾಗ ಪಾದ ನೆಲಕ್ಕೆ ಪೂರ್ತಿ ಊರಬೇಕು. ಕಾಲು ನೇತಾಡಿದರೆ ತೊಡೆಯ ಕೆಳಗೆ ಒತ್ತುತ್ತದೆ, ಹೊಟ್ಟೆ ಸಲೀಸಾಗಿ ಖಾಲಿಯಾಗುವುದೂ ಇಲ್ಲ. ಅತ್ತೆ ಕುಳ್ಳಗಿದ್ದಾರೆ. ನಾನು ಒಂದು ಗಟ್ಟಿ ಸ್ಟೂಲಿನ ಮೇಲೆ ಹಲಗೆ ಒಂದೊಂದಾಗಿ ಇಟ್ಟು, ಅವರನ್ನು ಕೂರಿಸಿ ಏಳಿಸಿ ನೋಡಿದೆ. 40ರಲ್ಲಿ ಕೈ ಊರಿದರು. 42ರಲ್ಲೂ ಊರಿದರು. 44ಕ್ಕೆ ಬಂದಾಗ ಎರಡೂ ಕೈ ಮಡಿಲಲ್ಲೇ ಇದ್ದವು, ಎದ್ದು ನಿಂತರು.

"ಇದು ಸಾಕು ನೋಡಮ್ಮಾ, ಇದಕ್ಕಿಂತ ಮೇಲೆ ಬೇಡ" ಅಂದರು.

ಸೀಟ್ ಸೇರಿ 44 ಸೆಂಟಿಮೀಟರ್. ಅದನ್ನು ಚೀಟಿಯಲ್ಲಿ 9 ಇಂಚಿನ ಪಕ್ಕದಲ್ಲಿ ಬರೆದುಕೊಂಡೆ. ಬೌಲಿನ ಆಕಾರವೂ ಮುಖ್ಯ. ದುಂಡಗಿನದು ಜಾಗ ಕಮ್ಮಿ ಹಿಡಿಯುತ್ತದೆ, ಉದ್ದನೆಯದು ಕೂರಲು ಆರಾಮ. ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ. ಬಾಗಿಲು ತಾಗುತ್ತದಾ ಅಂತ ನೋಡಿಕೊಂಡು ಉದ್ದನೆಯದೇ ತೆಗೆದುಕೊಂಡೆವು.

ಉಳಿದ ಆಯ್ಕೆಗಳಲ್ಲಿ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಟ್ಯಾಂಕು ಬೌಲು ಒಂದೇ ತುಂಡಾಗಿದ್ದರೆ ಸಂದಿಲ್ಲ, ಒರೆಸುವುದು ಸುಲಭ, ಆದರೆ ಟ್ಯಾಂಕ್ ಒಡೆದರೆ ಪೂರ್ತಿ ಬದಲಿಸಬೇಕು, ಎತ್ತುವುದಕ್ಕೂ ಭಾರ. ಎರಡು ತುಂಡಿನದಾದರೆ ಒಂದು ಭಾಗ ಮಾತ್ರ ಬದಲಿಸಬಹುದು. ನಾನು ಎರಡು ತುಂಡಿನ ಕಡೆಯವಳು. ಒಳಗಂಚಿನಲ್ಲಿ ಮಡಿಕೆ ಇಲ್ಲದ ರಿಮ್‌ಲೆಸ್ ಕಮೋಡ್ ತೊಳೆಯುವವರಿಗೆ ದೊಡ್ಡ ಉಪಕಾರ. ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಹಳೆಯ ಮಾದರಿಯಲ್ಲಿ ಮಡಿಕೆಯ ಕೆಳಗಿನ ತೂತುಗಳು ಕಟ್ಟಿಕೊಂಡು ಫ್ಲಶ್ ಸೋಲುತ್ತದೆ, ಇದರಲ್ಲಿ ಆ ತೊಂದರೆ ಕಮ್ಮಿ. ಕೊಳ್ಳುವಾಗ ಒಂದು ಸಲ ನೀರು ಹೋಗುವ ದಾರಿಯೊಳಗೆ ಬೆರಳು ಹಾಕಿ ಸವರಿ. ಅಲ್ಲೂ ಗ್ಲೇಜ್ ಇದ್ದರೆ ನುಣ್ಣಗಿರುತ್ತದೆ. ಒರಟಾಗಿದ್ದರೆ ಕೊಳೆ ಹಿಡಿದುಕೊಳ್ಳುವ ಜಾಗ ಅದೇ.

ಇಷ್ಟೆಲ್ಲ ಆದರೂ ಹೊಸ ಕಮೋಡ್ ಸರಿ ಮಾಡಲಾಗದ ತೊಂದರೆಯೊಂದಿದೆ, ಅದನ್ನು ಹೇಳಿಬಿಡುತ್ತೇನೆ. ಫ್ಲಶ್ ಮಾಡಿದಾಗ ಪಕ್ಕದ ವಾಷ್‌ಬೇಸಿನ್ನಿನಲ್ಲೋ ನೆಲದ ಜಾಲರಿಯಲ್ಲೋ ಗುಳುಗುಳು ಅಂದರೆ, ಇಲ್ಲವೇ ಎಲ್ಲ ಕಡೆ ನೀರು ನಿಧಾನವಾಗಿ ಇಳಿದರೆ, ತಪ್ಪು ಕಮೋಡಿನದಲ್ಲ. ಮುಖ್ಯ ಪೈಪ್ ಕಟ್ಟಿರಬಹುದು, ಇಲ್ಲಾ ಗಾಳಿ ಆಡಲು ಮೇಲಕ್ಕೆ ಹೋಗುವ ವೆಂಟ್ ಪೈಪ್ ಮುಚ್ಚಿರಬಹುದು. ಅದನ್ನು ಮೊದಲು ನೋಡಿಸಿ.

ಕೂರಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಹಳೆಯದರ ಬುಡಕ್ಕೆ ಸಿಮೆಂಟ್ ಹಾಕಿ ಕೂರಿಸಿದ್ದರು. ಉಳಿಯಿಂದ ಮೆಲ್ಲಗೆ ಬಿಡಿಸಿ ಎತ್ತಿದಾಗ ನೆಲದ ಮೇಲೆ ಕಮೋಡಿನ ಬುಡದ್ದೇ ಆಕಾರದ ಕಂದು ಕಲೆ. ಸಿಮೆಂಟ್ ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಪುಡಿಪುಡಿ. ಪ್ಲಂಬರ್ ಅಣ್ಣ ಬಿರುಕು ಬಿಟ್ಟ ತೂತನ್ನು ತೋರಿಸಿದರು. "ನೋಡಿ, ಈ ಕಡೆ ಕೆಳಗೆ ಆಧಾರ ಇಲ್ಲ. ಆದರೂ ಬೋಲ್ಟ್ ಬಿಗಿ ಮಾಡಿದ್ದಾರೆ. ಸೀಳದೆ ಇನ್ನೇನು ಮಾಡುತ್ತೆ?"

ಇಷ್ಟು ದಿನ ಕಮೋಡಿನದೇ ದೋಷ ಅಂದುಕೊಂಡಿದ್ದೆ. ಅದನ್ನು ಕೆಡಿಸಿದ್ದು ಕೂರಿಸಿದ ರೀತಿ.

ಹೊಸದನ್ನು ಅವರು ಅವಸರ ಮಾಡದೆ ಕೂರಿಸಿದರು. ನೆಲ ಕೆರೆದು ಒಣಗಿಸಿ, ಪೈಪಿನ ಬಾಯಿಯ ಫ್ಲಾಂಜ್ ಅಲುಗಾಡುತ್ತದಾ ನೋಡಿ, ಹೊಸ ವ್ಯಾಕ್ಸ್ ರಿಂಗ್ ಇಟ್ಟರು. ಅದು ಮೇಣದ ಬಳೆ, ಒಮ್ಮೆ ಅಮುಕಿದರೆ ಮುಗಿಯಿತು, ಎತ್ತಿ ಮತ್ತೆ ಇಟ್ಟರೆ ಸೀಲ್ ಕೂರುವುದಿಲ್ಲ. ಹಾಗಾಗಿ ಇಬ್ಬರು ಹಿಡಿದು ನೇರವಾಗಿ ಇಳಿಸಿದರು. ರಸಮಟ್ಟ ಇಟ್ಟು ನೋಡಿ, ಎತ್ತರ ತಗ್ಗಿದ್ದ ಕಡೆ ಪ್ಲಾಸ್ಟಿಕ್ ಚಕ್ಕೆ ತೂರಿಸಿದರು. ಬೋಲ್ಟುಗಳನ್ನು ಆಚೆ ಎರಡು ಸುತ್ತು, ಈಚೆ ಎರಡು ಸುತ್ತು ಬಿಗಿಸಿ, ಅಲುಗಾಟ ನಿಂತ ಕೂಡಲೇ ಕೈ ತೆಗೆದರು. ಇನ್ನರ್ಧ ಸುತ್ತು ಬಿಗಿಸುವ ಆಸೆಯೇ ಪಿಂಗಾಣಿಗೆ ಶತ್ರು ಅಂತೆ. ಬುಡದ ಸುತ್ತ ಸಿಲಿಕಾನ್ ಎಳೆದು, ಹಿಂಬದಿಯಲ್ಲಿ ಎರಡು ಬೆರಳಗಲ ಹಾಗೇ ಬಿಟ್ಟರು. ಮರೆತರೇನೋ ಅಂದುಕೊಂಡು ಕೇಳಿದೆ. ಮುಂದೆ ಎಂದಾದರೂ ಒಳಗೆ ಸೋರಿದರೆ ನೀರು ಆ ಸಂದಿನಿಂದ ಹೊರಬಂದು ಕಣ್ಣಿಗೆ ಬೀಳಲಿ ಅಂತ ಬಿಟ್ಟದ್ದಂತೆ. ಪೂರ್ತಿ ಮುಚ್ಚಿದರೆ ಸೋರಿಕೆ ಒಳಗೊಳಗೇ ನೆಲವನ್ನು ತಿನ್ನುತ್ತದೆ. ಇಂಥದ್ದನ್ನು ಯೋಚಿಸಿ ಕೆಲಸ ಮಾಡುವವರು ಸಿಕ್ಕಿದರೆ ಬಿಡಬೇಡಿ.

ಹೋಗುವ ಮೊದಲು ಇನ್ನೊಂದು ಮಾತು ಹೇಳಿದರು. ಟ್ಯಾಂಕಿನೊಳಗೆ ಹಾಕುವ ನೀಲಿ ಬಿಳಿ ಮಾತ್ರೆಗಳು ಬೇಡ. ಅವುಗಳಲ್ಲಿ ಬ್ಲೀಚ್ ಇದ್ದರೆ ಆ ನೀರಲ್ಲಿ ಹಗಲು ರಾತ್ರಿ ನೆನೆದು ವಾಷರ್ ಮೆತ್ತಗಾಗುತ್ತದೆ. ಅಂಗೈಗೆ ಕಪ್ಪು ಮೆತ್ತಿದ ಆ ಹಳೆಯ ವಾಷರ್ ನೆನಪಾಯಿತು. ಘಮ ಘಮ ಅನ್ನಲಿ ಅಂತ ತಿಂಗಳಿಗೊಂದು ಮಾತ್ರೆ ಹಾಕುತ್ತಿದ್ದವಳು ನಾನೇ. ಈಗ ತೊಳೆಯುವುದೇನಿದ್ದರೂ ಬೌಲಿನಲ್ಲಿ ಮಾತ್ರ.

ಹೆಚ್ಚಿಗೆ ತಂದ ಎರಡು ವಾಷರನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಾದರಿಯ ಹೆಸರು, ಕೂರಿಸಿದ ತಾರೀಖು ಬರೆದು, ಬಿಸಿಲು ತಾಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಬಣ್ಣದ ಪರೀಕ್ಷೆ. ಮೊನ್ನೆ ಎರಡನೇ ಸಲದ್ದು. ನಾನು ಮರೆತಿದ್ದೆ, ನೆನಪಿಸಿದ್ದು ಅತ್ತೆ.

"ಬಣ್ಣ ಹಾಕಿದ್ಯಾ?" ಅಂತ ಬಾಗಿಲ ಹೊರಗಿನಿಂದ ಕೇಳಿದರು.

"ಹಾಕಿದ್ದೀನಿ ಅತ್ತೆ, ಅರ್ಧ ಗಂಟೆ ತಡೀರಿ."

ಅರ್ಧ ಗಂಟೆ ಕಳೆದು ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು. ನೀರು ತಿಳಿಯಾಗಿತ್ತು. ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ, ಆ ಅಂಗೈ ಗುರುತು ಹಾಗೇ ಇದೆ. ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಅತ್ತೆ ಒಳಗೆ ಹೋದರು.